ಓದುಗರ ಪ್ರಶ್ನೆ: ರೈಲಿನ ಆ ‘ದಡಕ್ ದಡಕ್’ ಎಲ್ಲಿ ಹೋಯಿತು?

ಪ್ರಶ್ನೆ: ಚಿಕ್ಕವರಿದ್ದಾಗ ರೈಲು ಹತ್ತಿದರೆ ‘ದಡಕ್ ದಡಕ್’ ಸದ್ದಿಗೇ ನಿದ್ದೆ ಬರುತ್ತಿತ್ತು. ಈಗ ಆ ಸದ್ದೇ ಕೇಳಿಸುವುದಿಲ್ಲವಲ್ಲ, ಯಾಕೆ?

ಉತ್ತರ: ಆ ಸದ್ದು ಹುಟ್ಟುತ್ತಿದ್ದುದು ಹಳಿಗಳು ಕೂಡುವ ಸಂದಿನಲ್ಲಿ. ಹಿಂದೆ ಹಳಿಯ ತುಂಡುಗಳನ್ನು ಸಾಲಾಗಿಟ್ಟು, ಇಕ್ಕೆಲದಲ್ಲಿ ಫಿಶ್‌ಪ್ಲೇಟ್ ಎಂಬ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟು ಬಿಗಿಯುತ್ತಿದ್ದರು. 13 ಮೀಟರ್ ಉದ್ದದ ಹಳಿ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಸುಮಾರು 5 ಮಿಲಿಮೀಟರ್ ಹಿಗ್ಗುತ್ತದೆ. ಅದಕ್ಕೆ ಜಾಗ ಬೇಕಲ್ಲ, ಹಾಗಾಗಿ ಸಂದು ಬಿಡುತ್ತಿದ್ದರು. ಗಾಲಿ ಅಲ್ಲಿಗೆ ಬಂದಾಗ ಹಳಿಯ ತುದಿ ಕೊಂಚ ತಗ್ಗುತ್ತದೆ, ಗಾಲಿ ಮುಂದಿನ ತುದಿಗೆ ಬಡಿಯುತ್ತದೆ. ಲಯಕ್ಕೆ ಕಾರಣ ಬೋಗಿಯ ಎರಡು ತುದಿಗಳಡಿ ಇರುವ ನಾಲ್ಕು ಗಾಲಿಗಳ ಟ್ರಾಲಿಗಳು. ಒಂದು ಬೋಗಿಯ ಹಿಂದಿನ ಟ್ರಾಲಿ, ಅದರ ಬೆನ್ನಿಗೇ ಮತ್ತೊಂದು ಬೋಗಿಯ ಮುಂದಿನ ಟ್ರಾಲಿ: ನಾಲ್ಕು ಪೆಟ್ಟು, ಆಮೇಲೆ ಬಿಡುವು.

ಈಗ ಹಳಿಗಳನ್ನು ಕಿಲೋಮೀಟರ್‌ಗಟ್ಟಲೆ ಬೆಸುಗೆ ಹಾಕಿ ಒಂದಾಗಿಸುತ್ತಾರೆ. ಹಿಗ್ಗಲು ಹೊರಟ ಹಳಿಯನ್ನು ಸ್ಲೀಪರ್ (ಹಳಿಯಡಿ ಅಡ್ಡಲಾಗಿಟ್ಟ ದಿಮ್ಮಿ), ಅದಕ್ಕೆ ಹಳಿಯನ್ನು ಬಿಗಿಯುವ ಕ್ಲಿಪ್ ಮತ್ತು ಜಲ್ಲಿ ಸೇರಿ ಅದುಮಿ ಹಿಡಿಯುತ್ತವೆ. ಜಲ್ಲಿ ತೆಳುವಾದ ಕಡೆ ಕಡುಬಿಸಿಲಿಗೆ ಹಳಿ ಪಕ್ಕಕ್ಕೆ ಬಾಗುವ ಅಪಾಯವಿದೆ. ತೀರಾ ಚಳಿಯಲ್ಲಿ ಸೆಳೆತ ಹೆಚ್ಚಿ ಬಿರುಕು ಬಿಡಬಹುದು. ಹಳೆಯ ಸದ್ದು ಬೇಕೆಂದರೆ ನಿಲ್ದಾಣದ ಹತ್ತಿರ ಕಿವಿಗೊಡಿ, ಹಳಿ ಕವಲೊಡೆಯುವಲ್ಲಿ ಇನ್ನೂ ಕೇಳಿಸುತ್ತದೆ.

ಪ್ರಶ್ನೆ: ಆ ಸದ್ದು ಎಣಿಸಿ ವೇಗ ಹೇಳುತ್ತಿದ್ದರಂತೆ. ನಿಜವೇ?

ಉತ್ತರ: ನಿಜ, ಲೆಕ್ಕವೂ ಸುಲಭ. ಹಳಿಯ ಉದ್ದವನ್ನು (ಮೀಟರ್‌ನಲ್ಲಿ) 3.6ರಿಂದ ಗುಣಿಸಿ. 13 ಮೀಟರ್ ಹಳಿಗೆ ಸುಮಾರು 47 ಬರುತ್ತದೆ. ಅಷ್ಟು ಸೆಕೆಂಡುಗಳಲ್ಲಿ ಎಷ್ಟು ಸಂದು ದಾಟಿದಿರೋ ಅದೇ ಗಂಟೆಗೆ ಕಿಲೋಮೀಟರ್ ಲೆಕ್ಕದ ವೇಗ. ಎಡವುವುದು ಎಣಿಕೆಯಲ್ಲಿ. ನಿಮಗೆ ಹತ್ತಿರದ ಒಂದೇ ಟ್ರಾಲಿಗೆ ಕಿವಿಗೊಡಿ; ಅದರ ‘ದಡಕ್’ ಎಂಬ ಜೋಡಿ ಪೆಟ್ಟು ಒಂದೇ ಸಂದು. ಎರಡೆಂದು ಎಣಿಸಿದರೆ ಪ್ಯಾಸೆಂಜರ್ ಗಾಡಿಯೂ ಎಕ್ಸ್‌ಪ್ರೆಸ್ ಆಗಿಬಿಡುತ್ತದೆ! ಎಡಬಲದ ಸಂದುಗಳು ಎದುರುಬದುರು ಇರದ ಮಾರ್ಗದಲ್ಲೂ ಇದೇ ತಪ್ಪಾಗುತ್ತದೆ. ಬೆಸುಗೆ ಹಳಿಯ ಮೇಲಾದರೆ ಕಿಲೋಮೀಟರ್ ಕಲ್ಲುಗಳನ್ನು ನೋಡಿ, ಒಂದು ಕಿಲೋಮೀಟರಿಗೆ ಹಿಡಿದ ಸೆಕೆಂಡುಗಳಿಂದ 3600 ಅನ್ನು ಭಾಗಿಸಿ. 45 ಸೆಕೆಂಡು ಎಂದರೆ ಗಂಟೆಗೆ 80.

ಪ್ರಶ್ನೆ: ಕುಲುಕಾಟ ಎಲ್ಲಿ ಕಡಿಮೆ?

ಉತ್ತರ: ಬೋಗಿಯ ನಡುಭಾಗದಲ್ಲಿ, ಕೆಳಗಿನ ಸೀಟಿನಲ್ಲಿ. ತುದಿಗಳಲ್ಲಿ ಟ್ರಾಲಿಯ ಅದುರು ನೇರ ತಾಗುತ್ತದೆ. ಮೇಲಿನ ಬರ್ತ್‌ನಲ್ಲಿ ಪಕ್ಕಕ್ಕೆ ತೂಗಾಟ ಜಾಸ್ತಿ.

ಪ್ರಶ್ನೆ: ತಂದೆಯವರು ಕೂಡಿಟ್ಟ ಹಳೆಯ ರೈಲು ಟಿಕೆಟ್‌ಗಳಿವೆ. ಕೆಲವು ದಪ್ಪ ರಟ್ಟಿನವು, ಕೆಲವು ಅಕ್ಷರ ಮಾಸುತ್ತಿರುವ ಕಾಗದದವು. ಲ್ಯಾಮಿನೇಷನ್ ಮಾಡಿಸಲೇ?

ಉತ್ತರ: ದಯವಿಟ್ಟು ಬೇಡ. ಮಾಸುತ್ತಿರುವವು ಬಹುಶಃ ಥರ್ಮಲ್ ಕಾಗದದವು. ಅದರಲ್ಲಿ ಅಕ್ಷರ ಮೂಡಿಸುವುದೇ ಶಾಖ; ಲ್ಯಾಮಿನೇಷನ್ ಯಂತ್ರಕ್ಕೆ ಕೊಟ್ಟರೆ ಇಡೀ ಟಿಕೆಟ್ ಕಪ್ಪಾಗಿ ಬರುತ್ತದೆ. ಮೊದಲ ಕೆಲಸ, ಇವತ್ತೇ ಹಿಂದುಮುಂದು ಎರಡೂ ಬದಿ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿಗಳ ಸ್ಪಷ್ಟತೆಯಲ್ಲಿ) ಸ್ಕ್ಯಾನ್ ಮಾಡಿ. ಮೂಲ ಪ್ರತಿ ಎಷ್ಟೇ ಜೋಪಾನ ಮಾಡಿದರೂ ಮಾಸುವುದೇ. ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಕವರ್ ಆ ಮಾಸುವಿಕೆಯನ್ನು ಇನ್ನಷ್ಟು ಬೇಗ ಮಾಡಿಸುತ್ತದೆ, ಏಕೆಂದರೆ ಅದನ್ನು ಮೆತ್ತಗಾಗಿಸಲು ಬೆರೆಸಿದ ರಾಸಾಯನಿಕ ಅಕ್ಷರಗಳನ್ನು ಅಳಿಸುತ್ತದೆ. ಸೆಲ್ಲೋ ಟೇಪಿನ ಅಂಟೂ ಹಾಗೆಯೇ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರ್ ಕೇಳಿ ತನ್ನಿ, ಕತ್ತಲೆಯಲ್ಲಿ, ತಂಪಾದ ಜಾಗದಲ್ಲಿಡಿ.

ರಟ್ಟಿನವು ಗಟ್ಟಿಪಿಂಡಗಳು. ಇಂಗ್ಲೆಂಡಿನ ಥಾಮಸ್ ಎಡ್ಮಂಡ್ಸನ್ 1830ರ ದಶಕದಲ್ಲಿ ರೂಪಿಸಿದ, ಕ್ರಮಸಂಖ್ಯೆಯುಳ್ಳ ಈ ಟಿಕೆಟ್‌ನ ಅಳತೆ ಸುಮಾರು 57 × 30 ಮಿಲಿಮೀಟರ್. ಇವುಗಳ ಶತ್ರು ತೇವ: ಬೂಸ್ಟು ಹಿಡಿದು ಪದರ ಬಿಡುತ್ತವೆ. ಅಂಟು ಹಚ್ಚಿ ಆಲ್ಬಮ್‌ಗೆ ಹಾಕಬೇಡಿ, ಕೀಳುವಾಗ ಹಿಂಬದಿಯ ಪದರ ಕಿತ್ತುಬರುತ್ತದೆ. ಮೂಲೆಗಳನ್ನಷ್ಟೇ ಸಿಕ್ಕಿಸುವ ಫೋಟೋ ಕಾರ್ನರ್ ಸಾಕು. ರಬ್ಬರ್ ಬ್ಯಾಂಡ್, ಪಿನ್ನು ಇದ್ದರೆ ತೆಗೆಯಿರಿ. ಟಿಕೆಟ್ ಕಲೆಕ್ಟರ್ ಕತ್ತರಿಸಿದ ಕಚ್ಚು, ಒತ್ತಿದ ದಿನಾಂಕ ಕೆಡುಕಲ್ಲ, ಆ ಪ್ರಯಾಣ ನಡೆದದ್ದಕ್ಕೆ ಅವೇ ಸಾಕ್ಷಿ. ಯಾರು ಯಾಕೆ ಹೋಗಿದ್ದರೆಂದು ತಂದೆಯವರನ್ನು ಕೇಳಿ ಬೇರೆ ಚೀಟಿಯಲ್ಲಿ ಪೆನ್ಸಿಲಿನಲ್ಲಿ ಬರೆದು ಜೊತೆಗಿಡಿ, ಟಿಕೆಟ್ ಮೇಲೆ ಬರೆಯಬೇಡಿ.