ಓದುಗರ ಪ್ರಶ್ನೆ: ಅಂಗಡಿ ಬೀದಿಯ ಹಳೇ ಫೋಟೊ

ಪ್ರಶ್ನೆ: ಪೇಟೆ ಬೀದಿಯ ಹಳೆಯ ಫೋಟೊ ಸಿಕ್ಕಿದೆ, ಇಸವಿ ಇಲ್ಲ. ಅದೇ ಜಾಗದಿಂದ ಈಗಿನ ಫೋಟೊ ತೆಗೆದು ಹೋಲಿಸಬೇಕು. ಆದರೆ ಒಂದು ಅಂಗಡಿಯೂ ಗುರುತು ಹತ್ತುತ್ತಿಲ್ಲ. ಏನು ಮಾಡಲಿ?

ಉತ್ತರ: ಅಂಗಡಿ ಬಿಡಿ, ತಲೆ ಎತ್ತಿ ಮಹಡಿ ನೋಡಿ. ಬಾಡಿಗೆಗೆ ಬಂದವರೆಲ್ಲ ಬದಲಿಸುವುದು ಕೆಳಗಿನ ಮುಖವನ್ನು. ಮೇಲಿನ ಕಿಟಕಿ, ಸೂರು, ಗಾರೆ ಕೆಲಸಕ್ಕೆ ದುಡ್ಡು ಸುರಿಯುವವರು ಕಡಿಮೆ. ಕಿಟಕಿಗಳನ್ನು ಎಣಿಸಿ, ನಡುವಿನ ಅಂತರ ತಾಳೆ ನೋಡಿ. ದೊಡ್ಡ ಬೋರ್ಡು ಅಡ್ಡ ಬಂದರೆ ಪಕ್ಕಕ್ಕೆ ಹೋಗಿ ಅದರ ಹಿಂದೆ ಇಣುಕಿ.

ನಿಲ್ಲುವ ಜಾಗಕ್ಕೆ ಹತ್ತಿರದ್ದೊಂದು, ದೂರದ್ದೊಂದು ಗುರುತು ಬೇಕು. ಹಳೇ ಫೋಟೊದಲ್ಲಿ ಹತ್ತಿರದ ಕಟ್ಟಡದ ಮೂಲೆ ದೂರದ ಕಿಟಕಿಯ ಅಂಚಿಗೆ ತಾಗಿದೆ ಎನ್ನಿ. ನಿಮಗೆ ಆ ಮೂಲೆ ಅಂಚಿನಿಂದ ಎಡಕ್ಕೆ ಕಂಡರೆ ನೀವೂ ಎಡಕ್ಕೇ ಸರಿಯಿರಿ, ಬಲಕ್ಕೆ ಕಂಡರೆ ಬಲಕ್ಕೆ. ಎರಡೂ ಕೂಡಿದ ಮೇಲೆ ಹಿಂದೆ ಮುಂದೆ ಹೋಗಿ ಗಾತ್ರಗಳ ಅನುಪಾತ ಹೊಂದಿಸಿ. ಜೂಮ್ ಕೊನೆಗೆ. ತಪ್ಪು ಜಾಗದಲ್ಲಿ ನಿಂತು ಎಷ್ಟು ಜೂಮ್ ಮಾಡಿದರೂ ಗೆರೆಗಳು ಕೂಡುವುದಿಲ್ಲ. ಇನ್ನೂ ಕೂಡದಿದ್ದರೆ ಹಳೆಯ ಕ್ಯಾಮೆರಾ ಮಹಡಿಯ ಮೇಲಿತ್ತೇನೋ ನೋಡಿ: ನಿಂತವರ ತಲೆಗಳು ದಿಗಂತದ ಮಟ್ಟಕ್ಕಿಂತ (ಬೀದಿಯ ಗೆರೆಗಳು ದೂರದಲ್ಲಿ ಒಂದಾಗುವ ಎತ್ತರ) ಕೆಳಗಿದ್ದರೆ ಹಾಗೆಂದೇ ಲೆಕ್ಕ.

ಇಸವಿ ಹೇಳುವುದು ಚಿತ್ರದಲ್ಲಿರುವ ಅತಿ ಹೊಸ ವಸ್ತು. ನಿಯಾನ್ ಬೋರ್ಡಿದ್ದರೆ (ಅನಿಲ ತುಂಬಿದ ಗಾಜಿನ ಕೊಳವೆಯ ದೀಪ) ಫೋಟೊ 1910ಕ್ಕಿಂತ ಹಿಂದಿನದಲ್ಲ. ಫ್ರೆಂಚ್ ಎಂಜಿನಿಯರ್ ಜಾರ್ಜ್ ಕ್ಲೋಡ್ ಪ್ಯಾರಿಸ್‌ನಲ್ಲಿ ಆ ದೀಪ ತೋರಿಸಿದ್ದೇ ಆ ವರ್ಷ. ದೊಡ್ಡ ಗಾಜಿನ ಕಿಟಕಿಯನ್ನು ಮಾತ್ರ ನಂಬಬೇಡಿ. ಉಜ್ಜಿ ನುಣುಪು ಮಾಡಿದ ದೊಡ್ಡ ಗಾಜು 19ನೇ ಶತಮಾನದಲ್ಲೇ ಇತ್ತು, ದುಬಾರಿ ಅಷ್ಟೆ.

ಪ್ರಶ್ನೆ: ಹಳೇ ಫೋಟೊದಲ್ಲಿ ಮೂರು ಅಂಗಡಿ ಇದ್ದ ಕಡೆ ಈಗ ಒಂದೇ ಇದೆ. ಕಟ್ಟಡ ಕೆಡವಿದರೇ?

ಉತ್ತರ: ಬಹುಶಃ ಇಲ್ಲ. ಹಿಂದೆ ಸಾಮಾನು ಕೌಂಟರಿನ ಹಿಂದೆ, ಗಿರಾಕಿ ಮುಂದೆ. ಅದಕ್ಕೆ ಕಿರಿದಾದ ಅಂಗಡಿ ಸಾಕಿತ್ತು. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ತೆರೆದ ಪಿಗ್ಲಿ ವಿಗ್ಲಿ ಎಂಬ ದಿನಸಿ ಅಂಗಡಿಯಲ್ಲಿ ಗಿರಾಕಿಯೇ ಬುಟ್ಟಿ ಹಿಡಿದು ಆರಿಸಿಕೊಂಡ. ಈ ಪದ್ಧತಿ ಹರಡಿದಂತೆ ಕಪಾಟುಗಳ ನಡುವೆ ಓಡಾಡಲು ಅಗಲ ಬೇಕಾಯಿತು. ಅಕ್ಕಪಕ್ಕದ ಅಂಗಡಿ ಹಿಡಿದು ನಡುಗೋಡೆ ತೆಗೆದು, ಮೇಲಿನ ಭಾರಕ್ಕೆ ತೊಲೆ ಕೊಟ್ಟರು. ಒಳಗೆ ಹೋಗಿ ನೋಡಿ: ಕಪಾಟಿಗೆ ಅಡ್ಡವಾಗಿ ಕಂಬ ನಿಂತಿದ್ದರೆ, ನೆಲದ ಮಟ್ಟ ನಡುವೆ ಬದಲಾಗಿದ್ದರೆ, ಗೋಡೆ ಇದ್ದದ್ದು ಅಲ್ಲೇ ಇರಬೇಕು. ಹೊರಗೆ ಒಂದೇ ಬೋರ್ಡಿನ ಮೇಲೆ ಮೂರು ಬಗೆಯ ಕಿಟಕಿ ಕಂಡರಂತೂ ಅನುಮಾನವೇ ಬೇಡ.