ಏಂಜೆಲಿಕ್ ಕಿಜೊ: ಭಾಷೆ ತಿಳಿಯದವರನ್ನೂ ಹಿಡಿದಿಡುವ ದನಿ

ಗಾಯಕಿ ಏಂಜೆಲಿಕ್ ಕಿಜೊ ಜಾಝ್ ತಂಡ ಬಿಟ್ಟು ಒಬ್ಬರೇ ಹೆಸರು ಮಾಡಿದ್ದು ಹೇಗೆ, ಅಷ್ಟು ಭಾಷೆಗಳಲ್ಲಿ ಹಾಡಿದರೆ ಕೇಳುಗರು ಚದುರುವುದಿಲ್ಲವೇ ಎಂದು ಕೇಳಿದ್ದೀರಿ. ಇಲ್ಲ, ಅವರ ಬಲವೇ ಅದು.

1960ರಲ್ಲಿ ಪಶ್ಚಿಮ ಆಫ್ರಿಕಾದ ಬೆನಿನ್‌ನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ಅಮ್ಮನ ನಾಟಕ ತಂಡದಲ್ಲಿ ಹಾಡಿದರು. 1983ರಲ್ಲಿ ಪ್ಯಾರಿಸ್ ಸೇರಿ, ‘ಪಿಲಿ ಪಿಲಿ’ ಎಂಬ ಜಾಝ್ ತಂಡದಲ್ಲಿ ಪಳಗಿ, 1990ರಿಂದ ಸ್ವಂತ ಹೆಸರಿನ ಆಲ್ಬಂಗಳಿಂದಲೇ ಜಗತ್ತಿಗೆ ಪರಿಚಯವಾದರು. ಈವರೆಗೆ ಐದು ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂದಿವೆ. ಆಫ್ರಿಕಾದ ಫೊನ್, ಯೊರುಬಾ ಇರಲಿ, ಫ್ರೆಂಚ್, ಇಂಗ್ಲಿಷ್, ಯಾವುದರಲ್ಲಿ ಹಾಡಿದರೂ ತಾಳದ ಬೇರು ಮಾತ್ರ ಬೆನಿನ್‌ನದೇ.

ನನಗೆ ತುಂಬ ಹಿಡಿಸಿದ್ದು ‘ಬಟೊಂಗಾ’. ಶಾಲೆಗೆ ಹೋಗುವ ಹುಡುಗಿ ಎಂದು ರೇಗಿಸಿದ ಹುಡುಗರಿಗೆ ಎದುರುತ್ತರವಾಗಿ ಅವರೇ ಹುಟ್ಟಿಸಿದ ಶಬ್ದ ಅದು! ಮುಂದೆ ಹಾಡಾಯಿತು, ಹೆಣ್ಣುಮಕ್ಕಳ ಓದಿಗಾಗಿ ಅವರು ಕಟ್ಟಿದ ಸಂಸ್ಥೆಗೂ ಅದೇ ಹೆಸರು.

ಹೀಗೆ ಹಲವು ಭಾಷೆಗಳಲ್ಲಿ ಹಾಡುವುದು ನಮ್ಮ ಬೀದರ್ ಕಡೆಯವರಿಗೆ ಹೊಸತಲ್ಲ. ಹುಮನಾಬಾದ್ ಹತ್ತಿರದ ಮಾಣಿಕನಗರದಲ್ಲಿ ಸಂತ ಮಾಣಿಕಪ್ರಭುಗಳು 19ನೇ ಶತಮಾನದಲ್ಲೇ ಕನ್ನಡ, ಮರಾಠಿ, ಹಿಂದಿ ಎನ್ನದೆ ಪದ ಹಾಡಿದವರು. ಅಲ್ಲಿ ಭಜನೆಗೆ ಕೂತರೆ, ಮರಾಠಿ ಒಂದಕ್ಷರ ಬಾರದ ನಮ್ಮ ಅವ್ವ ಕಣ್ಣು ಮುಚ್ಚಿ, ತಾಳ ತಪ್ಪದೆ ಚಪ್ಪಾಳೆ ತಟ್ಟುತ್ತಿದ್ದಳು. ‘ಪ್ರಭು’ ಎಂಬ ಮಾತು ಬಂದಾಗ ಮಾತ್ರ ದನಿಗೂಡಿಸುತ್ತಿದ್ದಳು.

ಕೇಳಲು ಶುರುಮಾಡುವುದಾದರೆ 2019ರ ‘ಸೆಲಿಯಾ’ ಆಲ್ಬಂ ಹಚ್ಚಿ. ಕ್ಯೂಬಾದ ಸೆಲಿಯಾ ಕ್ರೂಸ್ ಹಾಡಿದ ಸ್ಪ್ಯಾನಿಷ್ ಹಾಡುಗಳನ್ನು ಕಿಜೊ ಅಲ್ಲಿ ಆಫ್ರಿಕಾದ ತಾಳಕ್ಕೆ ಮರಳಿ ತಂದಿದ್ದಾರೆ.