ಮಳೆ ಪುಸ್ತಕದಿಂದ ಗ್ರಾಫ್‌ವರೆಗೆ

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟ. ತಂದೆಯವರು ದಿನವೂ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಟ್ಟ ಆರು ವರ್ಷಗಳ ಮಳೆಯನ್ನು ತಾರೀಖು ಮತ್ತು ಮಳೆ ಎಂಬ ಎರಡು ಕಾಲಂಗಳ ಸಿಎಸ್‌ವಿ ಕಡತ ಮಾಡಿದ್ದೇನೆ. ಆದರೆ ಆಜ್ಞೆ ಕೊಟ್ಟು ಗ್ರಾಫ್ ಬರೆಸುವ ತಂತ್ರಾಂಶವಾದ ಗ್ನೂಪ್ಲಾಟ್‌ನಲ್ಲಿ ಗ್ರಾಫ್ ಬರೆಸಿದರೆ ಆರೂ ವರ್ಷದ ಮಳೆ 2020ರಲ್ಲೇ ಸುರಿದಂತೆ ಒಂದರ ಮೇಲೊಂದು ಬೀಳುತ್ತಿದೆ. ತಪ್ಪೆಲ್ಲಿ?
– ಓದುಗರು, ಮೂಡಿಗೆರೆ

ಉತ್ತರ: ತಪ್ಪು ಒಂದೇ ಅಕ್ಷರದ್ದು. ತಾರೀಖನ್ನು ಹೇಗೆ ಓದಬೇಕೆಂದು ತಿಳಿಸುವ ‘ಸೆಟ್ ಟೈಮ್‌ಎಫ್‌ಎಂಟಿ’ ಆಜ್ಞೆಯಲ್ಲಿ ನೀವು ಶೇಕಡಾ ಚಿಹ್ನೆಯ ಪಕ್ಕ ಇಂಗ್ಲಿಷಿನ ಸಣ್ಣಕ್ಷರದ ‘ವೈ’ ಕೊಟ್ಟಿರಬೇಕು. ಅದು ಎರಡಂಕಿಯ ಇಸವಿಯ ಗುರುತಾದ್ದರಿಂದ, ಕಡತದಲ್ಲಿ 2019 ಇರಲಿ 2023 ಇರಲಿ, ತಂತ್ರಾಂಶವು ಮೊದಲಿನ 20ನ್ನಷ್ಟೇ ಓದಿ ಅದನ್ನೇ 2020 ಎಂದು ತಿಳಿಯುತ್ತದೆ. ದೊಡ್ಡಕ್ಷರದ ‘ವೈ’ ಹಾಕಿದರೆ ನಾಲ್ಕೂ ಅಂಕಿ ಓದಿಕೊಳ್ಳುತ್ತದೆ.

ಇದು ಸರಿಯಾದ ಮೇಲೂ ಗ್ರಾಫನ್ನು ನಂಬುವ ಮೊದಲು ಪುಸ್ತಕವನ್ನು ಇನ್ನೊಮ್ಮೆ ತೆರೆದು ನೋಡಿ. ಒಂದು ಇಂಚಿಗೆ 100 ಸೆಂಟ್, ಅಂದರೆ 25.4 ಮಿಲಿಮೀಟರ್. ‘1 ಇಂಚು 5 ಸೆಂಟ್’ ಎಂದಿರುವುದನ್ನು ಟೈಪ್ ಮಾಡುವಾಗ ಕೈ ತಾನಾಗಿ 1.5 ಎಂದು ಒತ್ತಿಬಿಡುತ್ತದೆ, ಬರಬೇಕಾದದ್ದು 1.05. ಹೀಗೆ ಒಂದೇ ದಿನಕ್ಕೆ 45 ಸೆಂಟ್ ಸುಳ್ಳು ಮಳೆ ಸೇರಿಕೊಳ್ಳುತ್ತದೆ, ಮತ್ತು ಇದನ್ನು ಯಾವ ತಂತ್ರಾಂಶವೂ ಹಿಡಿದುಕೊಡಲಾರದು.

ಇನ್ನು ಗೆರೆಯ ಮಾತು. ದಿನದ ಮಳೆಯನ್ನು ‘ವಿತ್ ಲೈನ್ಸ್’ ಎಂದು ಬರೆಸಬೇಡಿ. ಸೋಮವಾರದ 3 ಇಂಚಿನಿಂದ ಮಂಗಳವಾರದ ಸೊನ್ನೆಗೆ ಎಳೆದ ಓರೆಗೆರೆ, ನಡುವೆ ಮಳೆ ನಿಧಾನವಾಗಿ ಇಳಿಯಿತೆಂದು ಹೇಳುತ್ತದೆ. ನಿಮ್ಮ ಮಳೆಮಾಪಕ ಹಾಗೆ ಹೇಳಿಲ್ಲ. ‘ವಿತ್ ಇಂಪಲ್ಸಸ್’ ಎಂದರೆ ಪ್ರತಿ ದಿನಕ್ಕೂ ತಳದಿಂದ ಒಂದು ನೆಟ್ಟನೆಯ ಗೆರೆ ಏಳುತ್ತದೆ. ‘ವಿತ್ ಬಾಕ್ಸಸ್’ ಕೂಡ ಆದೀತು, ಆದರೆ ಕಡತದಲ್ಲಿ ಕೆಲವು ದಿನಗಳೇ ಇಲ್ಲದಿದ್ದರೆ ಅಕ್ಕಪಕ್ಕದ ಪಟ್ಟಿಗಳು ಹಿಗ್ಗಿ ಆ ಜಾಗವನ್ನು ನುಂಗುತ್ತವೆ. ಅದನ್ನು ತಡೆಯಲು ಪಟ್ಟಿಯ ಅಗಲವನ್ನು 86400 ಎಂದು, ಅಂದರೆ ಒಂದು ದಿನದ ಸೆಕೆಂಡುಗಳಷ್ಟಕ್ಕೆ, ಕಟ್ಟಿಹಾಕಬೇಕಾಗುತ್ತದೆ. ನನ್ನ ಮತ ಇಂಪಲ್ಸಸ್ ಕಡೆಗೆ.

ಮಳೆ ಬಾರದ ದಿನಕ್ಕೂ ಮಳೆ ಅಳೆಯದ ದಿನಕ್ಕೂ ಇರುವ ವ್ಯತ್ಯಾಸ ಮಾತ್ರ ಎರಡರಲ್ಲೂ ಕಾಣುವುದಿಲ್ಲ, ಏಕೆಂದರೆ ಎರಡು ಕಡೆಯೂ ಖಾಲಿ ಜಾಗವೇ ಉಳಿಯುತ್ತದೆ. ಮನೆಯವರೆಲ್ಲ ಮದುವೆಗೆ ಹೋಗಿದ್ದ ದಿನ ಪುನರ್ವಸು ಮಳೆ ಧೋ ಎಂದು ಸುರಿದಿರಬಹುದು. ಆದ್ದರಿಂದ ಕಡತಕ್ಕೆ ಮೂರನೆಯ ಕಾಲಂ ಸೇರಿಸಿ, ಅಳೆಯದ ದಿನಗಳಿಗೆ ಮಾತ್ರ ಅಲ್ಲಿ 0 ಬರೆದು, ಉಳಿದ ದಿನಗಳಲ್ಲಿ ಅದನ್ನು ಖಾಲಿ ಬಿಡಿ. ಕಾಲಂಗಳ ನಡುವೆ ಅಲ್ಪವಿರಾಮವಿದೆ ಎಂದು ‘ಸೆಟ್ ಡೇಟಾಫೈಲ್ ಸೆಪರೇಟರ್’ ಮೂಲಕ ತಿಳಿಸಿದ್ದರೆ, ಖಾಲಿ ಜಾಗವನ್ನು ಗ್ನೂಪ್ಲಾಟ್ ತಾನೇ ಬಿಟ್ಟು ಮುಂದೆ ಹೋಗುತ್ತದೆ. ನಂತರ ಒಂದೇ ಪ್ಲಾಟ್ ಆಜ್ಞೆಯಲ್ಲಿ ‘ಯೂಸಿಂಗ್ 1:2’ (ಒಂದನೆಯ ಮತ್ತು ಎರಡನೆಯ ಕಾಲಂ) ಇಂಪಲ್ಸಸ್ ಆಗಿಯೂ, ‘ಯೂಸಿಂಗ್ 1:3’ ಚುಕ್ಕೆಗಳಾಗಿಯೂ ಬರಲಿ. ತಳದಲ್ಲಿ ಚುಕ್ಕೆ ಕಂಡಲ್ಲಿ ಲೆಕ್ಕವಿಲ್ಲ ಎಂದು ಅರ್ಥ.

ಕಾಫಿ ಹೂ ಅರಳಿಸುವ ಮಾರ್ಚ್, ಏಪ್ರಿಲ್‌ನ ಹೂಮಳೆ ಸಾಕಷ್ಟು ಬಂತೇ, ಜೂನ್‌ನಲ್ಲಿ ಮಳೆ ಹಿಡಿದದ್ದು ಯಾವಾಗ ಎಂಬುದನ್ನು ತಿಳಿಯಲು ಒಟ್ಟು ಮಳೆಯ ಗೆರೆ ಹೆಚ್ಚು ಉಪಯುಕ್ತ. ಪ್ಲಾಟ್ ಸಾಲಿಗೆ ‘ಸ್ಮೂತ್ ಕ್ಯುಮುಲೇಟಿವ್’ ಎಂದು ಸೇರಿಸಿದರೆ ಕೂಡುವ ಕೆಲಸ ಅದೇ ಮಾಡುತ್ತದೆ. ಇಲ್ಲಿ ‘ವಿತ್ ಲೈನ್ಸ್’ ತಕ್ಕದ್ದು. ಒಂದೊಂದು ವರ್ಷಕ್ಕೆ ಒಂದೊಂದು ಕಡತ ಮಾಡಿಕೊಳ್ಳಿ, ಇಲ್ಲವಾದರೆ ಗೆರೆ ಆರು ವರ್ಷವೂ ಏರುತ್ತಲೇ ಹೋಗುತ್ತದೆ.

ಪ್ರಶ್ನೆ: ಗ್ನೂಪ್ಲಾಟ್‌ನಿಂದ ಪಿಎನ್‌ಜಿ ಚಿತ್ರ ಉಳಿಸಿದರೆ ಕಡತ ಖಾಲಿ ಇರುತ್ತದೆ. ಶೀರ್ಷಿಕೆಯನ್ನು ಕನ್ನಡದಲ್ಲಿ ಕೊಡಬಹುದೇ?
– ವಿದ್ಯಾರ್ಥಿನಿ, ಹಾಸನ

ಉತ್ತರ: ‘ಸೆಟ್ ಔಟ್‌ಪುಟ್’ ಎಂದು ಕಡತದ ಹೆಸರು ಕೊಟ್ಟ ಮೇಲೆ ಪ್ಲಾಟ್ ಮಾಡಿ, ಕೊನೆಗೆ ‘ಅನ್‌ಸೆಟ್ ಔಟ್‌ಪುಟ್’ ಎನ್ನಬೇಕು, ಇಲ್ಲವೇ ತಂತ್ರಾಂಶದಿಂದ ಹೊರಬರಬೇಕು; ಅಲ್ಲಿಯವರೆಗೆ ಚಿತ್ರ ಪೂರ್ತಿಯಾಗಿ ಕಡತಕ್ಕೆ ಇಳಿದಿರುವುದಿಲ್ಲ. ಕನ್ನಡಕ್ಕೆ ‘ಪಿಎನ್‌ಜಿಕೈರೊ’ ಟರ್ಮಿನಲ್ (ಚಿತ್ರ ಯಾವ ರೂಪದಲ್ಲಿ ಹೊರಬರಬೇಕೆಂಬ ಆಯ್ಕೆ) ಆರಿಸಿ, ನೋಟೊ ಸ್ಯಾನ್ಸ್ ಕನ್ನಡದಂತಹ ಫಾಂಟ್ ಹೆಸರಿಸಿ. ಅಕ್ಷರ ಜೋಡಣೆಗೆ ಅದು ಪ್ಯಾಂಗೊ ಲೈಬ್ರರಿಯನ್ನು ಬಳಸುವುದರಿಂದ ‘ಚಿಕ್ಕಮಗಳೂರು’ ಎಂಬುದರಲ್ಲಿನ ಕಕಾರದ ಒತ್ತು ತನ್ನ ಜಾಗದಲ್ಲೇ ಕೂರುತ್ತದೆ.